ಸೆರಗಿನ ಕೆಳಗೆ ಕುದುರಿದ ಗಾಡಿ

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯ ನೌಕರಿ ಸಿಕ್ಕಿತು. ಶಾಲೆ ಇದ್ದದ್ದು ಧಾರವಾಡದ ಹತ್ತಿರದ ಮುಗದ ಎಂಬ ಊರಿನಿಂದಲೂ ಆಚೆ, ಭತ್ತದ ಗದ್ದೆಗಳ ನಡುವಿನ ಸಣ್ಣ ಹಳ್ಳಿ. ಆ ನೌಕರಿಗೆಂದೇ ನಾವು ಹುಬ್ಬಳ್ಳಿಯ ಕಮರಿಪೇಟೆಯ ಮನೆ ಬಿಟ್ಟು ಧಾರವಾಡದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ನನ್ನ ಯಜಮಾನರು ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಎಲ್ಲಿಂದ ಹೋದರೇನು, ಬಸ್ಸೇ ತಾನೇ ಎಂದು ಅವರು ಒಪ್ಪಿಕೊಂಡರು. ಅತ್ತೆ ಒಪ್ಪಲಿಲ್ಲ. ಕಮರಿಪೇಟೆಯ ಓಣಿಯಲ್ಲಿ ಕಟ್ಟೆಗೆ ಬಂದು ಕೂತರೆ ನಾಲ್ಕು ಜನ ಮಾತಾಡಿಸುತ್ತಿದ್ದರು. ಇಲ್ಲಿ ಒಬ್ಬರೂ ಗುರುತಿನವರಿಲ್ಲ. ಸೊಸೆಯ ಪಗಾರಕ್ಕಾಗಿ ತಾನು ವನವಾಸಕ್ಕೆ ಬಂದಿದ್ದೇನೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಶಾಲೆಯಲ್ಲಿ ಹತ್ತಕ್ಕೆ ಪ್ರಾರ್ಥನೆ. ಆ ಹಳ್ಳಿಗೆ ನೇರವಾಗಿ ಹೋಗುವ ಬಸ್ಸು ಮುಟ್ಟುವುದು ಹನ್ನೊಂದಕ್ಕೆ. ಮುಗದದವರೆಗೆ ಮುಂಚಿನ ಬಸ್ಸಿನಲ್ಲಿ ಹೋಗಿ ಅಲ್ಲಿಂದ ನಡೆಯಬೇಕು. ಆ ಮುಂಚಿನ ಬಸ್ಸು ಮನಸ್ಸು ಬಂದ ದಿನ ಸಮಯಕ್ಕೆ ಬರುತ್ತಿತ್ತು, ಬಾರದ ದಿನ ನಾನು ಗದ್ದೆಯ ದಾರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದೆ. ಮಳೆಗಾಲವೆಲ್ಲ ಹೀಗೇ ಕಳೆಯಿತು. ದಸರಾ ಸೂಟಿ ಬಿಡುವ ದಿನ ಹೆಡ್ ಮಾಸ್ತರು ನನ್ನನ್ನು ಕರೆದರು.

"ನೋಡ್ರಿ ಬಾಯಾರ, ನಾ ಇನ್ನ ಎಷ್ಟ ದಿನಾ ಅಂತ ಸೈರಿಸ್ಲಿ? ಸೂಟಿ ಮುಗದ ಮ್ಯಾಲ ಒಂದ ದಿನಾ ತಡಾ ಆದ್ರೂ ಮ್ಯಾಲಿನವರಿಗೆ ಬರದ ಕಳಸ್ತೇನಿ. ಕಾಯಂ ಆಗಬೇಕಾದ ನೌಕರಿ ನಿಮ್ದು, ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ, "ಬಿಟ್ಟ ಬಿಡು, ಕಮರಿಪ್ಯಾಟಿಗೆ ಹೊಳ್ಳಿ ಹೋಗೂಣು" ಎಂದರು. ಸಿಟ್ಟಿನ ಭರದಲ್ಲಿ ನಾನೂ, ಸೂಟಿ ಮುಗಿಯುವುದರೊಳಗೆ ಶಾಲೆಗೆ ಹೊತ್ತಿಗೆ ಸರಿಯಾಗಿ ಮುಟ್ಟುವ ದಾರಿ ನೋಡಿಕೊಳ್ಳುತ್ತೇನೆ, ಇಲ್ಲದಿದ್ದರೆ ನಾನೇ ರಾಜೀನಾಮೆ ಕೊಟ್ಟು ಬರುತ್ತೇನೆ ಎಂದುಬಿಟ್ಟೆ. ಅತ್ತೆ ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು. ಯಜಮಾನರು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, "ನೋಡೂಣು" ಎಂದರು.

ಆ ದಾರಿಗೆ ಮೊಪೆಡ್ಡು ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಊರಿಗೆ ಬರುತ್ತಿದ್ದ ಬಟ್ಟೆ ವ್ಯಾಪಾರಿಯ ಮೊಪೆಡ್ಡಿನ ಗಾಲಿಗೆ ಜಿಗುಟು ಮಣ್ಣು ಮೆತ್ತಿ, ಅವನು ಅದನ್ನು ಎಮ್ಮೆಯಂತೆ ಎಳೆದುಕೊಂಡು ಹೋಗುವುದನ್ನು ನೋಡಿದ್ದೆ. ಮೋಟಾರ್ ಸೈಕಲ್ಲೇ ಬೇಕು. ಹೊಸದನ್ನು ಕೊಳ್ಳುವ ತಾಕತ್ತು ನಮಗಿರಲಿಲ್ಲ. ನಮ್ಮ ಕೈಗೆ ಎಟುಕುವಂತಿದ್ದದ್ದು ಒಂದೇ ಜಾತಿಯ ಗಾಡಿ. ಎರಡು ಸೈಲೆನ್ಸರಿನದು, ಹೋಗುವಾಗ ಹಿಂದೆ ನೀಲಿ ಹೊಗೆ ಬಿಡುವಂಥದು. ಒಂದು ಕಾಲಕ್ಕೆ ಹುಬ್ಬಳ್ಳಿ–ಧಾರವಾಡದ ಪೊಗದಸ್ತಾದ ಹುಡುಗರೆಲ್ಲ ಅದರ ಮೇಲೇ ತಿರುಗುತ್ತಿದ್ದರು. ಅದನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಕೆಲವು ವರ್ಷಗಳಾಗಿದ್ದವು. ಬಿಡಿಭಾಗ ಸಿಗುವುದಿಲ್ಲ ಎಂದು ಜನ ಬಂದ ಬೆಲೆಗೆ ಮಾರುತ್ತಿದ್ದರು. ಕೊಳ್ಳುವವರು ಬಹಳ ಮಟ್ಟಿಗೆ ಗುಜರಿಯವರು.

ಮುಗದದಲ್ಲಿ ಅಂಥದ್ದೊಂದು ಇದೆ, ಮಾಲಕ ಮುದುಕ, ಗುಜರಿಗೆ ಕೊಡಲು ಒಪ್ಪುತ್ತಿಲ್ಲ ಎಂದು ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು ಹೇಳಿದ. ಸೂಟಿಯ ಎರಡನೆಯ ದಿನವೋ ಮೂರನೆಯ ದಿನವೋ ಯಜಮಾನರನ್ನು ಎಬ್ಬಿಸಿಕೊಂಡು ಹೋದೆ.

ಗಾಡಿ ಇದ್ದದ್ದು ದನದ ಕೊಟ್ಟಿಗೆಯಲ್ಲಿ. ಒಂದು ಬದಿಗೆ ಎರಡು ಎತ್ತು, ಒಂದು ಎಮ್ಮೆ. ಇನ್ನೊಂದು ಬದಿಗೆ ಗೋಣಿತಟ್ಟು ಹೊದ್ದ ಗಾಡಿ. ಅದನ್ನೂ ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ್ದರು. ಮಾಲಕರು ಹಣೆತುಂಬ ವಿಭೂತಿ ಹಚ್ಚಿದ, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಹಿರಿಯರು. ಗೋಣಿತಟ್ಟು ತೆಗೆಯುವ ಮೊದಲೇ ಅವರು ಯಜಮಾನರನ್ನು ಒಂದು ಮಾತು ಕೇಳಿದರು.

"ದುಡಿಸಾಕ ಒಯ್ತೀರೋ, ಮುರಿಯಾಕ ಒಯ್ತೀರೋ? ಮುರಿಯಾಕಂದ್ರ ಈಗ ಎದ್ದ ಹೋಗ್ರಿ."

"ದುಡಿಸಾಕ್ರಿ ಕಾಕಾ," ಎಂದರು ಯಜಮಾನರು.

ಗಾಡಿ ಚಾಲೂ ಮಾಡಿ ತೋರಿಸಿದರು. ಅದರ ಕಿಕ್ಕೂ ಗೇರೂ ಒಂದೇ ಕಡ್ಡಿ. ಒಳಗೆ ಒತ್ತಿ ಮೇಲೆತ್ತಿದರೆ ಕಿಕ್ಕು, ಚಾಲೂ ಆದ ಮೇಲೆ ಕೆಳಗಿಳಿಸಿದರೆ ಗೇರು. ಎರಡನೆಯ ಹೊಡೆತಕ್ಕೇ ಗಾಡಿ ಹತ್ತಿಕೊಂಡಿತು. ಕೊಟ್ಟಿಗೆಯೆಲ್ಲ ಹೊಗೆ. ಎತ್ತುಗಳು ತಲೆಯೆತ್ತಲಿಲ್ಲ, ಅವಕ್ಕೆ ರೂಢಿಯಿತ್ತು. ಸಪ್ಪಳಕ್ಕೆ ಅಕ್ಕಪಕ್ಕದ ಗಂಡಸರು ಬಂದು ಕಟ್ಟೆಯ ಮೇಲೆ ಕೂತರು.

"ಬೆಲಿ ಏನ ಹೇಳ್ತೀರಿ ಕಾಕಾ?" ಎಂದು ಯಜಮಾನರು ಕೇಳಿದ್ದೇ ತಡ, ಎಲ್ಲರೂ ಅವರ ಮುಖ ನೋಡಿದರು.

"ಬಾಯಿಲೆ ಬೆಲಿ ಹೇಳೂ ಪದ್ಧತಿ ನಮ್ಮಲ್ಲಿ ಇಲ್ರಿ," ಎಂದರು ಹಿರಿಯರು. "ಈ ಕೊಟ್ಟಿಗ್ಯಾಗಿಂದ ಹೊರಗ ಹೋಗೂದು ಏನಿದ್ರೂ ಕೈ ಹಿಡದ ಹೋಗ್ಬೇಕು." ಹಾಗೆಂದು ಟವೆಲ್ ತೆಗೆದು ಯಜಮಾನರ ಬಲಗೈಯ ಮೇಲೆ ಹೊದಿಸಿ, ತಮ್ಮ ಕೈಯನ್ನು ಅದರೊಳಗೆ ತೂರಿಸಿದರು.

ದನದ ಸಂತೆ ನೋಡಿದವರಿಗೆ ಇದು ಗೊತ್ತು. ಟವೆಲಿನ ಕೆಳಗೆ ಬೆರಳು ಹಿಡಿದೇ ವ್ಯಾಪಾರ. ಒಂದು ಬೆರಳು ಹಿಡಿದರೆ ಒಂದು, ಇಡೀ ಹಸ್ತ ಹಿಡಿದರೆ ಐದು, ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ನೂರೋ ಸಾವಿರವೋ ಎನ್ನುವುದು ಇಬ್ಬರಿಗೂ ಗೊತ್ತಿರುತ್ತದೆ. ಸುತ್ತ ಎಷ್ಟು ಜನ ನಿಂತರೂ ಬೆಲೆ ಆ ಇಬ್ಬರ ನಡುವೆಯೇ ಇರುತ್ತದೆ. ನನ್ನ ಅಪ್ಪ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದರು. ಸಂತೆಯಿಲ್ಲದ ದಿನ ನನ್ನ ಬೆರಳು ಹಿಡಿದು ಇದನ್ನೆಲ್ಲ ಆಟದಂತೆ ಕಲಿಸಿದ್ದರು. ಯಜಮಾನರು ಹುಟ್ಟಿ ಬೆಳೆದದ್ದು ಕಮರಿಪೇಟೆಯಲ್ಲಿ. ಅವರು ಎತ್ತು ನೋಡಿದ್ದು ಚಕ್ಕಡಿಗೆ ಹೂಡಿದ ಮೇಲೆಯೇ.

ಹಿರಿಯರು ಟವೆಲಿನ ಕೆಳಗೆ ಏನೋ ಹಿಡಿದರು. ಯಜಮಾನರಿಗೆ ಕಚಗುಳಿಯಾಗಿ ನಗು ಬಂತು. ಹಿರಿಯರು ಗಂಭೀರವಾಗಿ, "ಏನಂತೀರಿ?" ಎಂದರು. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನನ್ನ ಯಜಮಾನರು. "ಹೂಂ" ಎನ್ನಲು ಬಾಯಿ ತೆರೆದರು. ಹೂಂ ಎಂದು ಕೈ ಅಲುಗಿಸಿದರೆ ಮುಗಿಯಿತು, ಆ ಬೆಲೆಗೆ ಗಾಡಿ ನಮ್ಮದು. ಆ ಬೆಲೆ ಎಷ್ಟೆಂದು ಅವರಿಗೇ ಗೊತ್ತಿಲ್ಲ!

"ಕೈ ತಗೀರಿ!" ಎಂದು ನಾನು ಕೂಗಿದೆ.

ಕಟ್ಟೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕಾಸಿನಷ್ಟೂ ನಾಚಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ನೌಕರಿ ನನ್ನದು.

"ಕಾಕಾ, ಅವ್ರಿಗೆ ಕೈಬೆಲಿ ತಿಳಿಯಂಗಿಲ್ರಿ. ನನಗ ತಿಳೀತೈತಿ. ನಾ ದಲ್ಲಾಳಿ ಮಗಳು."

ಹಿರಿಯರು ಟವೆಲ್ ಹೆಗಲಿಗೆ ಹಾಕಿಕೊಂಡರು. "ಹೆಣ್ಣಮಗಳ ಕೈ ನಾ ಹ್ಯಾಂಗ ಹಿಡೀಲಿ ತಂಗಿ? ಮಂದಿ ಏನಂದಾರು?"

ಅದೂ ನಿಜವೇ. ಬಾಯಲ್ಲಿ ಅವರು ಹೇಳುವುದಿಲ್ಲ, ನನ್ನ ಕೈ ಹಿಡಿಯುವಂತಿಲ್ಲ, ಯಜಮಾನರ ಕೈ ಹಿಡಿದು ಉಪಯೋಗವಿಲ್ಲ. ಗಾಡಿ ಕಣ್ಣೆದುರಿಗಿತ್ತು, ಸೂಟಿ ಸೋರಿಹೋಗುತ್ತಿತ್ತು. ಒಬ್ಬರು ಮುಂದಿನ ವಾರ ನಮ್ಮ ಅಪ್ಪನನ್ನು ಕರೆಸಿ ಎಂದರು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು.

ಆಗ ಒಳಗಿನಿಂದ ಹಿರಿಯರ ಹೆಂಡತಿ ಬಂದರು. ರೊಟ್ಟಿ ಬಡಿಯುತ್ತಿದ್ದವರು, ಮೊಣಕೈವರೆಗೆ ಹಿಟ್ಟು. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ.

"ಆಕಿ ಕೈ ನಾ ಹಿಡೀತೇನಿ," ಎಂದರು.

"ನಿನಗೇನ ತಿಳೀತೈತಿ? ಒಳಗ ನಡಿ," ಎಂದರು ಹಿರಿಯರು.

"ಯಾಕ ತಿಳಿಯಂಗಿಲ್ಲ? ಎತ್ತ ಮಾರಿದ ದಿನಾ ರಾತ್ರಿ ನನ್ನ ಕೈ ಹಿಡದ, ಹಿಂಗ ಹಿಡದೆ, ಹಿಂಗ ಬಿಟ್ಟೆ ಅಂತ ತೋರಸ್ತಿದ್ದಿಲ್ಲೇನ ನೀವು?"

ಕಟ್ಟೆಯವರು ಹೋ ಎಂದು ನಕ್ಕರು. ಹಿರಿಯರ ವಿಭೂತಿಯ ಕೆಳಗೆ ಮುಖ ಕೆಂಪಾಯಿತು. ಅವರು ಬೇಡವೆನ್ನುವುದರೊಳಗೆ ಆ ತಾಯಿ ಕಟ್ಟೆಯ ಈ ತುದಿಗೆ ಕೂತು, ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ತಮ್ಮ ಇಳಕಲ್ಲ ಸೀರೆಯ ಸೆರಗನ್ನು ಇಬ್ಬರ ಕೈಗಳ ಮೇಲೂ ಎಳೆದುಕೊಂಡರು.

ಹಿಟ್ಟು ಹತ್ತಿದ ಒರಟು ಕೈ. ನನ್ನ ಬೆರಳುಗಳನ್ನು ಎಣಿಸಿದಂತೆ ಮಾಡಿ ಮೊದಲ ಬೆಲೆ ಹಿಡಿದರು. ಹಿಡಿತ ಸ್ಪಷ್ಟವಾಗಿತ್ತು, ಅಪ್ಪನೂ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತಿರಲಿಲ್ಲ. ಬೆಲೆ ಮಾತ್ರ ಜಾಸ್ತಿ. ನಾನು ನನ್ನ ಬೆಲೆ ಹಿಡಿಯಬೇಕೆನ್ನುವಷ್ಟರಲ್ಲಿ ಅವರು ಬಾಯಿಬಿಟ್ಟು ಕೇಳಿದರು.

"ಗಾಡಿ ಯಾರ ನಡಸಾವ್ರು? ಅವ್ರೇನು?"

"ಅಲ್ರಿ. ನಾನ. ಸಾಲಿಗೆ ಹೋಗಾಕ."

ಸೆರಗಿನ ಕೆಳಗೆ ಅವರು ಹಿಡಿದಿದ್ದ ಒಂದು ಬೆರಳು ಬಿಟ್ಟರು, ಬೆಲೆ ಅಷ್ಟು ಇಳಿಯಿತು. ನಾನು ಏನೂ ಕೇಳಿರಲಿಲ್ಲ.

"ನಡಸಾಕ ಬರತೈತೇನು?"

"ಇನ್ನೂ ಇಲ್ರಿ. ಕಲೀತೇನಿ."

ಮತ್ತೊಂದು ಬೆರಳು ಬಿಟ್ಟರು. ನನಗೆ ಸಂಶಯ ಶುರುವಾಯಿತು. ಕೇಳದೆ ಬೆಲೆ ಇಳಿಸುವವನ ಎತ್ತಿಗೆ ಹಲ್ಲಿಲ್ಲ ಎಂದು ತಿಳಿ ಎನ್ನುತ್ತಿದ್ದರು ಅಪ್ಪ. ಇಂಜಿನ್ ಹೋಗಿದೆಯೋ ಏನೋ ಎಂದು ಗಾಡಿಯ ಕಡೆ ನೋಡಿದೆ.

"ಮನ್ಯಾಗ ಬ್ಯಾಡ ಅನ್ನಂಗಿಲ್ಲೇನ?"

"ಅಂತಾರ್ರಿ."

"ಅಂದ್ರೂ?"

"ಅಂದ್ರೂ ನಡಸ್ತೇನಿ."

ಅವರು ನನ್ನ ಬೆರಳಿನ ನಡುಗೆಣ್ಣು ಒತ್ತಿ, ಇನ್ನೂ ಅರ್ಧ ಇಳಿಸಿ, ಕೈ ಕುಲುಕಿ, "ಮುಗೀತು" ಎಂದರು. ವ್ಯಾಪಾರದಲ್ಲಿ ನಾನು ಒಂದು ಬೆರಳನ್ನೂ ಅಲುಗಿಸಿರಲಿಲ್ಲ.

"ಎಷ್ಟಕ್ಕ ಮುಗೀತು?" ಎಂದು ಹಿರಿಯರು ಬಂದು ಕಿವಿ ಕೊಟ್ಟರು. ಆ ತಾಯಿ ಪಿಸುಮಾತಿನಲ್ಲಿ ಹೇಳಿದರು. ಹಿರಿಯರ ಕಣ್ಣು ಒಮ್ಮೆ ದೊಡ್ಡದಾಯಿತು. ಆದರೆ ಆ ಕಟ್ಟೆಯ ಮೇಲೆ ಕುಲುಕಿದ ಕೈಯನ್ನು ಯಾರೂ ಹಿಂದೆ ತೆಗೆದುಕೊಂಡಿರಲಿಲ್ಲ, ನಾಲ್ಕು ಜನ ನೋಡಿದ್ದರು. ಅವರು ಹೋಗಿ ಗೂಟದಿಂದ ಗಾಡಿಯನ್ನು ಬಿಚ್ಚಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡರು. ಎತ್ತು ಮಾರಿದವರು ಹಗ್ಗ ಕೊಡುವುದಿಲ್ಲ, ಕೊಟ್ಟರೆ ಕೊಟ್ಟಿಗೆ ಬರಿದಾಗುತ್ತದೆಂದು ನಂಬಿಕೆ. ಯಜಮಾನರು ಪಾಪ, "ಇರ್ಲಿ ಬಿಡ್ರಿ, ಹಗ್ಗ ನಮಗೇನ ಬೇಕಾಗಿಲ್ಲ" ಎಂದು ಸಮಾಧಾನ ಹೇಳಿದರು. ಬೆಲೆ ಎಷ್ಟು ಎಂದು ನಾನು ಅವತ್ತು ಯಾರಿಗೂ ಹೇಳಲಿಲ್ಲ. ಇಲ್ಲಿಯೂ ಹೇಳುವುದಿಲ್ಲ, ಅದು ಸೆರಗಿನ ಕೆಳಗಿನ ಮಾತು.

ಧಾರವಾಡಕ್ಕೆ ಬಂದವಳೇ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಚ್ಚಿಸಿ ನೋಡಿಸಿದೆ. ಇಂಜಿನ್ ಗಟ್ಟಿಯಾಗಿದೆ, ಏನೂ ಆಗಿಲ್ಲ ಎಂದರು. ಹಾಗಾದರೆ ಆ ತಾಯಿ ಯಾಕೆ ಇಳಿಸಿದರು ಎಂಬುದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ನನ್ನ ಮುಖ ನೋಡಿ ಅಯ್ಯೋ ಎನ್ನಿಸಿತೋ? ಕನಿಕರವೆಂದರೆ ನನಗೆ ಮೈ ಉರಿಯುತ್ತದೆ. ಒಂದೆರಡು ದಿನ ಅದೇ ಸಿಟ್ಟಿನಲ್ಲಿದ್ದೆ. ಆಮೇಲೆ ಗಾಡಿ ಕಲಿಯುವುದರಲ್ಲಿ ಸಿಟ್ಟಿಗೆ ಪುರುಸೊತ್ತಾಗಲಿಲ್ಲ.

ಕಲಿಸಿದವರು ಯಜಮಾನರು. ಬೆಳಕು ಹರಿಯುತ್ತಿದ್ದಂತೆ ಕಾಲೇಜಿನ ಮೈದಾನಕ್ಕೆ ತಳ್ಳಿಕೊಂಡು ಹೋಗುತ್ತಿದ್ದೆವು. ಗಾಡಿಯೋ ನನ್ನ ಎರಡರಷ್ಟು ತೂಕ. ಕಿಕ್ ಹೊಡೆದ ಮೇಲೆ ಕಡ್ಡಿಯನ್ನು ಕೆಳಗಿಳಿಸುವುದನ್ನು ಮರೆತು, ಗೇರೆಂದು ಗಾಳಿಯನ್ನು ಒದೆಯುತ್ತಿದ್ದೆ. ವಾಯುಸೇವನೆಗೆ ಬಂದ ವಯಸ್ಸಾದವರು ನಿಂತು ನೋಡುತ್ತಿದ್ದರು. ಒಬ್ಬರು ದಿನವೂ ಯಜಮಾನರಿಗೆ, "ಯಾಕ್ರೀ ಇವ್ರಿಗೆ ಈ ತ್ರಾಸು?" ಎಂದು ಕೇಳುತ್ತಿದ್ದರು. ಯಜಮಾನರು ಅವರಿಗೂ "ನೋಡೂಣ್ರಿ" ಎನ್ನುತ್ತಿದ್ದರು.

ಒಂದು ದಿನ ಸೀರೆ ಗಾಲಿಗೆ ಸಿಕ್ಕಿ ಬಿದ್ದೆ. ಮೊಣಕಾಲು ತರಚಿತು. ಶಾಲೆಗೆ ಸೀರೆಯನ್ನೇ ಉಡಬೇಕು, ಬೇರೇನಾದರೂ ತೊಟ್ಟು ಹೋದರೆ ಹೆಡ್ ಮಾಸ್ತರು ಅದನ್ನೂ ಬರೆದು ಕಳಿಸುವರು. ಮನೆಯಲ್ಲಿ ಅರಿಸಿನ ಹಚ್ಚಿಕೊಳ್ಳುತ್ತ ಕೂತಿದ್ದಾಗ ಅತ್ತೆ ನೋಡಿದರು. ಏನಾದರೂ ಚುಚ್ಚುತ್ತಾರೆಂದು ನಾನೂ ಉತ್ತರ ಸಿದ್ಧಮಾಡಿಕೊಂಡೆ. ಅವರು ಟ್ರಂಕಿನಿಂದ ತಮ್ಮ ತಾಯಿಯದೊಂದು ಉದ್ದನೆಯ ಸೀರೆ ತೆಗೆದು ನನ್ನ ಮುಂದೆ ಹಾಕಿದರು.

"ಕಚ್ಚಿ ಹಾಕ್ಕೊಂಡ ಉಟ್ಕೋ. ಬಿದ್ದ ಕಾಲ ಮುರಕೊಂಡ್ರ ನಾನ ನೋಡ್ಬೇಕಾಗತೈತಿ ನಿನ್ನ."

ಉಡುವುದನ್ನೂ ಅವರೇ ಕಲಿಸಿದರು. ಕಚ್ಚೆ ಹಾಕಿದ ಸೀರೆಯಲ್ಲಿ ಗಾಡಿಯ ಮೇಲೆ ಕೂತರೆ ಕಾಲು ಎರಡೂ ಕಡೆ ಆರಾಮಾಗಿ ಇಳಿಯುತ್ತಿದ್ದವು. ನೌಕರಿ ಬಿಡು ಎನ್ನುವುದನ್ನು ಮಾತ್ರ ಅವರು ಬಿಡಲಿಲ್ಲ. ನೆರಿಗೆ ಸಿಕ್ಕಿಸುತ್ತಲೂ ಅದನ್ನೇ ಹೇಳುತ್ತಿದ್ದರು.

ಶಾಲೆ ಸುರುವಾಗುವ ದಿನ ಬೆಳಗಿನಿಂದಲೇ ಜಿಟಿಜಿಟಿ ಮಳೆ. ಯಜಮಾನರು ರಜೆ ಹಾಕಿ ಕೂತಿದ್ದರು.

"ಇವತ್ತೊಂದ ದಿನಾ ನಾ ಬಿಟ್ಟ ಬರ್ತೇನಿ. ಹಿಂದ ಕುಂದರು."

ಹೂಂ ಎನ್ನಲು ಮನಸ್ಸಿತ್ತು. ಆದರೆ ಇವತ್ತು ಅವರು, ನಾಳೆ ಅವರ ಪಾಳಿ, ನಾಡಿದ್ದು ಮತ್ತೆ ಅದೇ ಬಸ್ಸು. "ಬ್ಯಾಡ್ರಿ" ಎಂದು ಕಿಕ್ ಹೊಡೆದೆ. ಮೂರು ಸಲ ಕೆಮ್ಮಿ ಹತ್ತಿಕೊಂಡಿತು.

ಧಾರವಾಡ ದಾಟುವವರೆಗೆ ಮೊದಲ ಗೇರಿನಲ್ಲೇ ಹೋದೆ. ಎದುರಿಗೆ ಲಾರಿ ಬಂದರೆ ರಸ್ತೆ ಬಿಟ್ಟು ಕೆಳಗಿಳಿದು ನಿಲ್ಲುತ್ತಿದ್ದೆ. ಹೀಗೆ ಇಳಿದು ಹತ್ತಿ ಹೊತ್ತು ಹೋಯಿತು. ಮುಗದ ಬರುವಷ್ಟರಲ್ಲಿ ಪ್ರಾರ್ಥನೆಗೆ ಉಳಿದಿದ್ದ ಸಮಯ ಬಹಳ ಕಡಿಮೆ. ನಡೆದು ಹೋಗುತ್ತಿದ್ದ ಕಾಲದಲ್ಲಾದರೆ ಅಲ್ಲಿಗೇ ಕೈಚೆಲ್ಲುತ್ತಿದ್ದೆ.

ಊರ ಕೊನೆಯ ತಿರುವಿನಲ್ಲಿ ಗೋಣಿಚೀಲದ ಕೊಪ್ಪೆ ಹೊದ್ದು ಯಾರೋ ನಿಂತಿದ್ದರು. ರಸ್ತೆಯ ನಟ್ಟನಡುವೆಯೇ ನಿಂತಿದ್ದರಿಂದ ನಿಲ್ಲಿಸಲೇಬೇಕಾಯಿತು. ಆ ತಾಯಿಯೇ. ಗಾಡಿಯ ಸಪ್ಪಳ ಗುರುತು ಹಿಡಿದು ಬಂದಿದ್ದರು. ನನ್ನನ್ನು ನೋಡಿದರು, ಹಿಂದಿನ ಸೀಟು ನೋಡಿದರು.

"ಒಬ್ಬಾಕಿನ ಬಂದಿ?"

"ಹೌದ್ರಿ. ತಡಾ ಆಗೇತ್ರಿ ಯವ್ವಾ, ಸರೀರಿ. ಸಂಜಿಮುಂದ ಮಾತಾಡ್ಸ್ತೇನಿ."

ಅವರು ಸರಿದರು. ಸರಿದು, ನನ್ನ ಹೆಗಲು ಹಿಡಿದು, ಒಂದು ಕಾಲು ಮೇಲಿಟ್ಟು, ಹತ್ತಿ ಹಿಂದೆ ಕೂತೇಬಿಟ್ಟರು. ಗಾಡಿ ವಾಲಿ ನಾನು ಬೀಳುವುದರಲ್ಲಿದ್ದೆ.

"ನಡಿ, ತಡಾ ಅಂದ್ಯಲ್ಲ."

ವಾದ ಮಾಡಲು ಹೊತ್ತಿರಲಿಲ್ಲ. ಹಿಂದೆ ಒಬ್ಬರನ್ನು ಕೂಡಿಸಿಕೊಂಡು ನಾನು ಒಮ್ಮೆಯೂ ನಡೆಸಿರಲಿಲ್ಲ. ಗದ್ದೆಯ ದಾರಿಗೆ ಇಳಿದೊಡನೆ ಹಿಂದಿನ ಗಾಲಿ ಜಾರತೊಡಗಿತು. ಎರಡೂ ಕಾಲು ಕೆಸರಿಗೆ ಇಳಿಬಿಟ್ಟು ದೋಣಿಗೆ ಹುಟ್ಟು ಹಾಕಿದಂತೆ ತಳ್ಳಿಕೊಂಡು ಹೋದೆ. ಮನಸ್ಸಿನಲ್ಲಿ ಆ ತಾಯಿಗೆ ಚೆನ್ನಾಗಿ ಬೈದುಕೊಂಡೆ. ಅವರು ನನ್ನ ಹೆಗಲನ್ನು ಬಿಗಿಯಾಗಿ ಹಿಡಿದಿದ್ದರು. ಹೆದರಿದ್ದಾರೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಕಿವಿಯ ಹತ್ತಿರ ಸಣ್ಣ ಸದ್ದು ಕೇಳಿತು. ಅವರು ನಗುತ್ತಿದ್ದರು.

ಶಾಲೆಯ ಅಂಗಳಕ್ಕೆ ಗಾಡಿ ನುಗ್ಗಿದಾಗ ಮಕ್ಕಳು ಸಾಲು ಬಿಟ್ಟು "ಅಕ್ಕೋರ ಬಂದ್ರು" ಎಂದು ಓಡಿಬಂದವು. ಹೆಡ್ ಮಾಸ್ತರು ಗಂಟೆಯ ಕಬ್ಬಿಣದ ಮುಂದೆ ಸುತ್ತಿಗೆ ಎತ್ತಿಕೊಂಡು ನಿಂತಿದ್ದರು, ಇನ್ನೂ ಹೊಡೆದಿರಲಿಲ್ಲ. ಕೈಗಡಿಯಾರ ನೋಡಿದರು, ಗಾಡಿ ನೋಡಿದರು, ನನ್ನ ಕೆಸರು ಹತ್ತಿದ ಕಚ್ಚೆ ನೋಡಿದರು. ನೌಕರಿ ಉಳಿಯಿತು ಎಂದು ನನಗೆ ಆಗಲೇ ಗೊತ್ತಾಯಿತು. ಬರೆದು ಕಳಿಸಲು ಅವರಿಗೆ ಏನೂ ಸಿಗಲಿಲ್ಲ.

ಹೇಳಲು ಏನಾದರೂ ಬೇಕಲ್ಲ, ಹಿಂದಿನಿಂದ ಇಳಿಯುತ್ತಿದ್ದವರನ್ನು ನೋಡಿ, "ಇವ್ರ್ಯಾರ್ರೀ ಬಾಯಾರ, ನಿಮ್ಮ ಅತ್ತಿಯಾರೇನು?" ಎಂದರು.

ಆ ತಾಯಿಯೇ ಉತ್ತರ ಕೊಟ್ಟರು. "ಅಲ್ರಿ. ಈ ಗಾಡಿ ನಮ್ಮ ಮನ್ಯಾಗಿತ್ರಿ. ನನ್ನ ಮಕ್ಕಳು ಸಣ್ಣವರಿದ್ದಾಗ ತಂದದ್ದು. ಇದರ ಮ್ಯಾಲ ಗೊಬ್ಬರದ ಚೀಲ ಹೇರಿದ್ರು, ಆಡಿನ ಮರಿ ಹೇರಿದ್ರು, ಬೀಗರನ್ನ ಧಾರವಾಡಕ್ಕ ಕರಕೊಂಡ ಹೋದ್ರು. ನಾ ಹತ್ತಿದ್ದು ಇವತ್ತ ಮೊದಲು."

ಹೆಡ್ ಮಾಸ್ತರು ಗಂಟೆ ಹೊಡೆದರು. ನನಗೆ ಅಳು ಒತ್ತಿ ಬಂತು. ಮಾಸ್ತರ ಮುಂದೆ ಅಳಬಾರದೆಂದು ಮಕ್ಕಳ ಸಾಲು ಸರಿಮಾಡಲು ಹೋದೆ.

ಪ್ರಾರ್ಥನೆ ಮುಗಿಸಿ ಬಂದು ನೋಡಿದರೆ ಅವರು ಶಾಲೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಿದ್ದರು. ಗೋಣಿಚೀಲವನ್ನು ಮಡಚಿ ಪಕ್ಕಕ್ಕಿಟ್ಟಿದ್ದರು. ಮಳೆ ನಿಂತಿತ್ತು. ಊರಿನ ಕಡೆ ಹೋಗುವವರು ಯಾರಾದರೂ ಇದ್ದರೆ ಜೊತೆಮಾಡಿ ಕಳಿಸಲೇ ಎಂದು ಕೇಳಿದೆ.

"ಬ್ಯಾಡ. ಸಂಜಿಮಟ ಇಲ್ಲೇ ಕುಂದರ್ತೇನಿ. ಹೋಗೂಮುಂದ ನಿನ್ನ ಕೂಡನ ಹತ್ತಿ ಹೋಗ್ತೇನಿ."

"ಮತ್ತ ಮನ್ಯಾಗ ಅಡಗಿ, ಯವ್ವಾ? ಕಾಕಾ ದಾರಿ ಕಾಯಂಗಿಲ್ಲೇನ?"

"ಕಾಯ್ಲಿ," ಎಂದರು. "ನಾ ಭಾಳ ಕಾದೇನಿ."